ಸೊಟ್ಟ ಮೂಗಿನ ಅತಿಥಿ

"ಇದನ್ನ ಯಾರು ಗೆದ್ದಾರ ಗೊತ್ತೈತೇನವ್ವಾ ನಿನಗ?" ಎಂದು ಆ ಅಪರಿಚಿತರು ಕೇಳಿದಾಗ ನಾನು ತಿರುಗಿಸುತ್ತಿದ್ದ ರಾಟೆ ನಿಂತಿತು. ಅವರು ತೋರಿಸಿದ್ದು, ನೂಲು ಸುತ್ತಿದ ಕಂಡಿಕೆಗಳನ್ನು ನಾನು ಹಾಕಿಡುತ್ತಿದ್ದ ಎರಡು ಹಿಡಿಕೆಯ ಮಾಸಲು ಬಟ್ಟಲನ್ನು. ಅದು ಬೆಳ್ಳಿಯದೆಂದೇ ನನಗೆ ಗೊತ್ತಿರಲಿಲ್ಲ.

ಆಗ ನಮ್ಮ ಬನಹಟ್ಟಿ ಮುಂಬಯಿ ರಾಜ್ಯದಲ್ಲಿತ್ತು. ಮುಂಬಯಿಯ ಗಿರಣಿ ಬಿಟ್ಟು ಬಂದ ಅಪ್ಪ ಮನೆಯಲ್ಲೇ ಸೀರೆ ನೇಯುತ್ತಿದ್ದ. ಅಲ್ಲಿ ಬಾಕ್ಸಿಂಗ್ ಆಡುತ್ತಿದ್ದನಂತೆ. ಕುಸ್ತಿಯೊಂದನ್ನೇ ಬಲ್ಲ ನಮ್ಮ ಓಣಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಲೋಕಾಪುರದಿಂದ ಬಂದಿದ್ದ ಆ ಅತಿಥಿ ತಮ್ಮ ಸೊಟ್ಟ ಮೂಗನ್ನು ಮುಟ್ಟಿ ತೋರಿಸಿದರು. "ಇದು ನಿಮ್ಮಪ್ಪಾರ ಗುದ್ದವ್ವಾ, ಈ ಕಪ್ಪಿನ ಫೈನಲ್‌ನ್ಯಾಗ ಬಿದ್ದದ್ದು. ಚಾಂಪಿಯನ್ ಕೈಲೆ ಮುರಿದ ಮೂಗು ಅಂತ ಊರ ತುಂಬ ಹೇಳ್ಕೊಂಡು ಅಡ್ಡಾಡೇನಿ!"

ಮಗ್ಗದ ಕುಣಿಯಿಂದ ಎದ್ದು ಬಂದ ಅಪ್ಪ ಆ ಮೂಗನ್ನು ಮೆಲ್ಲಗೆ ಸವರಿ, "ಇನ್ನೂ ನೋಯ್ತೈತೇನೋ?" ಎಂದ.

ಮರುದಿನ ಅವ್ವ ಬಟ್ಟಲಿಗೆ ವಿಭೂತಿ ಹಚ್ಚಿ ತಿಕ್ಕಿ, ದೇವರ ಜಗಲಿಯ ಮೇಲಿಟ್ಟಳು. ಅಪ್ಪ ಅದನ್ನು ಮತ್ತೆ ಮಗ್ಗದ ಪಕ್ಕಕ್ಕೇ ತಂದಿಟ್ಟ. ಕಂಡಿಕೆ ಸುತ್ತುವ ನಾನು ಮಾತ್ರ ಅಂದಿನಿಂದ ಒಮ್ಮೆಯೂ ಅದಕ್ಕೆ ಬೆನ್ನು ಮಾಡಿ ಕೂರಲಿಲ್ಲ.