ಪಾರ್ವತಮ್ಮನ ಫೋನಿನ ಬುಟ್ಟಿ

ಪಾರ್ವತಮ್ಮ ಎಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಅವರ ಮುಖವಲ್ಲ, ಚಾಚಿದ ಬುಟ್ಟಿ. ಸಕಲೇಶಪುರದ ನಮ್ಮ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜ ಆರಿಸುವ ಹಾಲ್‌ಗೆ ಅವರು ಮೇಸ್ತ್ರಿ. ಬೆಳಿಗ್ಗೆ ಹೆಂಗಸರು ಕೆಲಸಕ್ಕೆ ಬರುವ ಹೊತ್ತಿಗೆ, ಕಾಫಿ ಹಣ್ಣು ಕುಯ್ಯುವ ಹಳೆಯ ಬಿದಿರು ಬುಟ್ಟಿಯೊಂದನ್ನು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ತಳಕ್ಕೆ ಗೋಣಿ ಹಾಸಿರುತ್ತಿತ್ತು. ತಮ್ಮ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಅದರೊಳಗೆ ಇಟ್ಟು, "ನಂದೇ ಮೊದ್ಲು ಕಣ್ರವ್ವಾ, ಆಮೇಲೆ ನಿಮ್ದು" ಎನ್ನುತ್ತಿದ್ದರು. ತುಂಬಿದ ಬುಟ್ಟಿಯನ್ನು ವರಾಂಡದ ಮೊಳೆಗೆ ನೇತುಹಾಕಿದರೆ ಟೀ ಬಿಡುವಿನ ತನಕ ಅದು ತನ್ನಷ್ಟಕ್ಕೆ ಹಾಡಿಕೊಂಡು, ಗುಂಯ್‌ಗುಟ್ಟಿಕೊಂಡು ಇರಬೇಕು. ಯಾರೂ ಮುಟ್ಟುವಂತಿರಲಿಲ್ಲ.

ಕಾರಣ ಇಲ್ಲದೆ ಮಾಡಿದ ಕಟ್ಟಳೆಯಲ್ಲ ಅದು. ಒಬ್ಬಳ ಫೋನು ಸಿನಿಮಾ ಹಾಡು ಶುರು ಮಾಡಿದರೆ ಸಾಲಿನಲ್ಲಿ ಕೂತವರೆಲ್ಲ ತಂತಮ್ಮ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಆರಿಸಿ ತೆಗೆಯಬೇಕಾದ ಕರಿಬೀಜ, ಒಡಕು ಬೀಜ ಎಲ್ಲ ಓಡುವ ಬೆಲ್ಟ್ ಮೇಲೆ ಮುಂದೆ ಹೋಗಿಬಿಡುತ್ತಿತ್ತು. "ಒಂದು ಫೋನ್ ಕೂಗಿದ್ರೆ ಎಲ್ರ ಕೈನೂ ನಿಂತೋಯ್ತವೆ. ಬೆಲ್ಟ್ ನಿಲ್ತದಾ?" ಎಂದು ಕೇಳುತ್ತಿದ್ದರು.

ನಾನು ಅಲ್ಲಿ ಲೆಕ್ಕ ಬರೆಯುವ ರೈಟರ್. ನನ್ನ ಮೇಜಿಗೂ ಹಾಲ್‌ಗೂ ನಡುವೆ ಒಂದು ಹಲಗೆಯ ತಡಿಕೆ ಮಾತ್ರ. ನನಗೆ ಫೋನು ಬಂದರೆ ಕೂಸೊಂದು ಕಿಲಕಿಲ ನಗುತ್ತಿತ್ತು, ನನ್ನ ಮಗಳು ಹಾಕಿಕೊಟ್ಟ ರಿಂಗ್‌ಟೋನ್. ಒಂದು ದಿನ ಪಾರ್ವತಮ್ಮ ಬುಟ್ಟಿಯನ್ನು ತಡಿಕೆಯ ಮೇಲಿಂದಲೇ ಚಾಚಿ, "ರೈಟ್ರೇ, ನಿಮ್ ಮಗೀನ ಇಲ್ಲಿ ಮಲಗ್ಸಿ" ಎಂದರು. ಹಾಲ್ ಇಡೀ ನಕ್ಕಿತು. ನನಗೆ ಮೈಯೆಲ್ಲ ಉರಿದರೂ ಮಲಗಿಸಿದೆ. ಇನ್ನೊಂದು ದಿನ ಸಾಹುಕಾರರೇ ಹಾಲ್ ಒಳಗೆ ನಿಂತು ಯಾರಿಗೋ ಜೋರಾಗಿ ರೇಟು ಹೇಳುತ್ತಿದ್ದರು. ಬುಟ್ಟಿ ಅವರ ಹೊಟ್ಟೆಯ ಹತ್ತಿರಕ್ಕೂ ಬಂತು. ಅವರು ಒಮ್ಮೆ ಬುಟ್ಟಿ ನೋಡಿದರು, ಒಮ್ಮೆ ಪಾರ್ವತಮ್ಮನನ್ನು ನೋಡಿದರು, ಮಾತು ಮುಗಿಸಿ ಫೋನನ್ನು ಅದರೊಳಗೆ ಹಾಕಿದರು.

ಇಷ್ಟು ಖಡಕ್ಕಾಗಿದ್ದ ಹೆಂಗಸಿಗೆ ಒಬ್ಬ ತಂಗಿಯಿದ್ದಳು, ಸರೋಜ. ಗಂಡನ ಜೊತೆ ಘಟ್ಟದ ಕೆಳಗೆ ಎಲ್ಲೋ ಕೆಲಸಕ್ಕೆ ಹೋದವಳು, ತಾಯಿ ಹಾಸಿಗೆ ಹಿಡಿದಾಗ ಬರಲಿಲ್ಲ. ಮಣ್ಣು ಮಾಡಿದ ಮೇಲೆ ಬಂದಳು. ಪಾರ್ವತಮ್ಮ ಬಾಗಿಲಲ್ಲೇ ತಡೆದು, "ನಾನು ಬಾ ಅನ್ನೋಗಂಟ ಈ ಹೊಸ್ಲು ತುಳೀಬ್ಯಾಡ" ಎಂದುಬಿಟ್ಟರಂತೆ. ಆಮೇಲೆ ಬಾ ಎನ್ನಲೂ ಇಲ್ಲ. "ಸಿಟ್ನಲ್ಲಿ ಅವ್ಳ ನಂಬರ್‌ನೂ ಅಳಿಸ್ಬುಟ್ಟೆ ರೈಟ್ರೇ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಹೇಳುವಾಗ ಸಿಟ್ಟೇನೂ ಉಳಿದಿರಲಿಲ್ಲ.

ಒಂದು ದಿನ ಟೀ ಬಿಡುವಿನಲ್ಲಿ ಪಾರ್ವತಮ್ಮ ಬುಟ್ಟಿಯಿಂದ ಫೋನು ತೆಗೆದುಕೊಂಡರೆ ಗೊತ್ತಿಲ್ಲದ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ನನ್ನ ಮೇಜಿನ ಪಕ್ಕದಲ್ಲೇ ನಿಂತು ಸ್ಪೀಕರ್ ಹಾಕಿ ವಾಪಸ್ ಮಾಡಿದರು. ಎತ್ತಿದವನು ನಮ್ಮೂರ ರೈಲ್ವೆ ಸ್ಟೇಷನ್‌ನಲ್ಲಿ ಟೀ ಮಾರುವವನು.

"ಸರೋಜ ಅಂತ ಒಬ್ರು ನನ್ ಫೋನಿಂದ ಮಾಡುದ್ರಮ್ಮ. ಅವ್ರ ಫೋನ್ ಕೆಟ್ಟೋಗಿತ್ತಂತೆ. ಅಕ್ಕ ಬಾ ಅಂದ್ರೆ ಮನೆಗೆ ಹೋಗ್ತೀನಿ ಅಂತ ಇಲ್ಲೇ ಬೆಂಚಲ್ಲಿ ಕೂತಿದ್ರು. ನೀವು ಎತ್ಲಿಲ್ಲ. ಈಗ ಮಂಗ್ಳೂರು ಗಾಡಿ ಹತ್ತಿ ಹೋಗ್ಬುಟ್ರು."

ಪಾರ್ವತಮ್ಮ ಸ್ಟೇಷನ್ ಕಡೆಗೆ ಓಡಿದರು. ಮಧ್ಯಾಹ್ನದ ಮೇಲೆ ಬಂದು ವರಾಂಡದ ಮೆಟ್ಟಿಲ ಮೇಲೆ ಕೂತರು. "ಗಾಡಿ ಆಗ್ಲೇ ಘಟ್ಟದಲ್ಲಿ ಎಡಕುಮೇರಿ ದಾಟ್ಬುಟ್ಟೈತಂತೆ. ಬುಟ್ಟಿ ವಿಚಾರ ಅವ್ಳಿಗೇನು ಗೊತ್ತು? ಅಕ್ಕ ಬ್ಯಾಡ ಅಂದ್ಲು ಅಂತ್ಲೇ ತಿಳ್ಕಂಡು ಹೋದ್ಲು" ಎಂದರು.

ಮರುದಿನ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತರು. ಫೋನು ಹಿಡಿದ ಕೈ ಮಾತ್ರ ಸೊಂಟ ಬಿಟ್ಟು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬುಟ್ಟಿಯನ್ನು ಕೆಳಗಿಟ್ಟು, "ಎಲ್ರೂ ಒಳಿಕ್ಕೆ ಹೋಗ್ರವ್ವಾ" ಎಂದರು. ಅವತ್ತಿನಿಂದ ಹಾಲ್ ತುಂಬ ಹಾಡು, ಭಜನೆ, ಕೋಳಿ ಕೂಗು. ಒಂದೊಂದು ಸದ್ದಿಗೂ ಪಾರ್ವತಮ್ಮ ಮುಖ ಕಿವುಚುತ್ತಿದ್ದರು, ಬೈಯುತ್ತಿರಲಿಲ್ಲ. ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದದ್ದು ಅವರ ಫೋನೇ.

ಸಾಹುಕಾರರು ಒಳ್ಳೆಯವರು. ವಿಷಯ ತಿಳಿದು, "ನಿಮ್ದು ನಿಮ್ ಹತ್ರಾನೇ ಇರ್ಲಿ ಪಾರ್ವತಮ್ಮ. ಬಾಕಿಯವ್ರದ್ದು ಬುಟ್ಟಿಗೆ ಹಾಕ್ಸಿ" ಎಂದರು. ಹೆಂಗಸರೂ ಒಪ್ಪಿದ್ದರು.

"ಅದೆಂಗಾಯ್ತದೆ ಸಾಹುಕಾರ್ರೇ? ಅವ್ರಿಗೂ ಅಕ್ಕ ತಂಗೀರಿಲ್ವಾ?"

ಬುಟ್ಟಿ ಚಾಚಲೂ ಆಗದೆ, ಆ ಸದ್ದು ಸಹಿಸಲೂ ಆಗದೆ, ಆ ಸೀಸನ್ ಮುಗಿದಾಗ ಪಾರ್ವತಮ್ಮ ತಾವಾಗಿಯೇ ಕೆಲಸ ಬಿಟ್ಟರು. ಈಗ ಬಂದಿರುವ ಮೇಸ್ತ್ರಿ ಫೋನುಗಳಿಗೆ ಬೀಗದ ಪೆಟ್ಟಿಗೆ ಮಾಡಿಸಿದ್ದಾನೆ. ಹಾಲ್ ಮತ್ತೆ ಸದ್ದಿಲ್ಲದೆ ಇದೆ. ನಾನು ಬಯಸುತ್ತಿದ್ದದ್ದೂ ಅದನ್ನೇ, ಆದರೂ ಅಲ್ಲಿ ಕೂತರೆ ಸಂಕಟವಾಗುತ್ತದೆ.

ಮೊನ್ನೆ ಪಾರ್ವತಮ್ಮನ ಊರು ಬೆಳಗೋಡಿನ ಕಡೆಯವರೊಬ್ಬರು ಅವರ ಮಾತೆತ್ತಿದಾಗ ನೆನಪಾಗಿ ಫೋನು ಮಾಡಿದೆ. ಒಂದು ರಿಂಗ್ ಪೂರ್ತಿ ಆಗುವ ಮೊದಲೇ ಎತ್ತಿದರು.

"ಹೇಳು ಸರೋಜಾ."

ನಾನು ಯಾರೆಂದು ಹೇಳಿದೆ.

"ಓ, ರೈಟ್ರಾ? ಚೆನ್ನಾಗಿದ್ದೀರಾ? ಏನು ವಿಸ್ಯ ಬೇಗ ಹೇಳ್ಬುಡಿ. ಲೈನ್ ಬಿಡುವಾಗಿರ್ಬೇಕು."

ಏನೂ ಇಲ್ಲ, ಸುಮ್ಮನೆ ಮಾಡಿದೆ ಎಂದು ಹೇಳಿ ಬೇಗ ಇಟ್ಟೆ.