ಮಗ್ಗ ನಿಂತರೆ ಇಂಗ್ಲಿಷ್ ತಪ್ಪು

ಮುಂಬಯಿ ಸರಕಾರದ ಕಾಲದಲ್ಲಿ ಬನಹಟ್ಟಿಯ ನಮ್ಮ ಓಣಿಗೆ ಇಂಗ್ಲಿಷ್ ಬಲ್ಲವನೆಂದರೆ ನಾನೊಬ್ಬನೇ. ಒಟ್ಟು ಆಸ್ತಿ ಹತ್ತಾರು ವಾಕ್ಯಗಳಷ್ಟೇ ಆದರೂ ಪದವಿ ದೊಡ್ಡದು.

ಕಲಿಸಿದವರು ಜಮಖಂಡಿಯ ಒಬ್ಬ ಮುದಿ ಮಾಸ್ತರರು. ಕನ್ನಡದ ಬಲ್ಲೆ, ಬಹುದು, ಬೇಕು ಕ್ರಿಯಾಪದದ ಹಿಂದೆ ವಿನಯದಿಂದ ಬರುತ್ತವೆ; ಇಂಗ್ಲಿಷಿನ ಕ್ಯಾನ್, ಮೇ, ಮಸ್ಟ್ ಚಪರಾಸಿಗಳಂತೆ ಅದರ ಮುಂದೆ ನಡೆಯುತ್ತವೆ ಎಂದಿದ್ದರು. ಆ ಚಪರಾಸಿಗಳನ್ನು ನಾನು ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತು ಪಳಗಿಸಿದೆ. ಲಾಳಿ ಬಲಕ್ಕೆ ಹೋದರೆ ‘ಐ ಕ್ಯಾನ್’, ಎಡಕ್ಕೆ ಬಂದರೆ ‘ಯು ಮೇ’. ಪಕ್ಕದಲ್ಲಿ ರಾಟಿ ತಿರುಗಿಸಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ನನ್ನ ಹೆಂಡತಿಗೆ ಅಕ್ಷರ ಬಾರದು. ಆದರೂ ಪರೀಕ್ಷಕಿ ಅವಳೇ. ತಡವರಿಸಿದರೆ ನನ್ನ ಕೈ ನಿಲ್ಲುತ್ತಿತ್ತು; ಸದ್ದು ನಿಂತೊಡನೆ ಅವಳು, “ತಪ್ಪಾತ್ರಿ, ಮೊದಲಿಂದ ಅನ್ರಿ” ಎನ್ನುತ್ತಿದ್ದಳು. ಒಮ್ಮೆಯೂ ಅವಳ ತೀರ್ಪು ಸುಳ್ಳಾಗಲಿಲ್ಲ.

ಒಂದು ವರ್ಷ ನೂಲು ಕಂಟ್ರೋಲಿಗೆ ಬಂತು; ಸರಕಾರ ಅಳೆದು ಕೊಟ್ಟಷ್ಟೇ ನೂಲು. ಓಣಿಯ ಅರ್ಧ ಮಗ್ಗಗಳು ಸುಮ್ಮನಿದ್ದವು. ನಮಗೆ ಹೆಚ್ಚಿನ ನೂಲು ಕೊಡುವುದೋ ಬಿಡುವುದೋ ನೋಡಲು ಮುಂಬಯಿಯಿಂದ ಒಬ್ಬ ಸಾಹೇಬರು ಬಂದರು. ಅವರಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ಹಿರಿಯರು ನನ್ನನ್ನು ಮುಂದೆ ನೂಕಿದರು.

“ಮಸ್ಟ್ ಹಾಕಿ ಕೇಳಲೇ, ಅದ ಗಟ್ಟಿ ಐತಿ ಅಂತಿದ್ದೆಲ್ಲ!” ಎಂದರು ದೊಡ್ಡಪ್ಪ.

“ದೊಡ್ಡಪ್ಪಾ, ಸಾಹೇಬ್ರಿಗೆ ಮಸ್ಟ್ ಅಂದ್ರ ನೂಲು ಬರೂದಿಲ್ಲ, ಪೊಲೀಸ್ರು ಬರ್ತಾರ.”

ಸಾಹೇಬರ ಎದುರು ನಿಂತಾಗ ನನ್ನ ಚಪರಾಸಿಗಳೆಲ್ಲ ರಜೆಯ ಮೇಲಿದ್ದರು. ‘ಕಮ್’ ಎಂದಷ್ಟೇ ಹೇಳಿ, ಅವರನ್ನು ಮನೆಗೆ ಕರೆತಂದು, ಮಗ್ಗಕ್ಕಿಳಿದೆ. ಲಾಳಿ ಓಡಿತು, ನಾಲಿಗೆಯೂ ಓಡಿತು. ನಾವು ನೇಯಬಲ್ಲೆವು, ವಿ ಕ್ಯಾನ್. ತಾವು ನೋಡಬಹುದು, ಯು ಮೇ. ಸಾಹೇಬರು ತಲೆದೂಗತೊಡಗಿದ್ದರು. ಅಷ್ಟರಲ್ಲಿ ಲಾಳಿಯ ಕಂಡಿಕೆ ಮುಗಿದು ಮಗ್ಗ ನಿಂತಿತು.

ಹೆಂಡತಿಯತ್ತ ಕೈ ಚಾಚಿದೆ. ಅವಳು ಬುಟ್ಟಿಯನ್ನು ಬೋರಲು ಮಾಡಿ ತೋರಿಸಿದಳು. “ಎಲ್ಲಿಂದ ತರ್ಲಿರೀ? ಅದ ಕಡೀದು.”

ಅವಳೇನೆಂದಳೆಂದು ಸಾಹೇಬರು ಕೇಳಿದರು. ನಿಂತ ಮಗ್ಗದಲ್ಲಿ, ಬರಿಗೈಯಲ್ಲಿ, ಮೊದಲ ಸಲ ನಾನು ಇಂಗ್ಲಿಷ್ ಆಡಿದೆ: “ವಿದೌಟ್ ಯಾರ್ನ್, ವಿ ಕ್ಯಾನಾಟ್.” ನೂಲಿಲ್ಲದೆ ನೇಯಲಾರೆವು. ಸಾಹೇಬರು ಬರಿದಾದ ಲಾಳಿಯನ್ನು ಎತ್ತಿ ತಿರುಗಿಸಿ ನೋಡಿ, ವಹಿಯಲ್ಲಿ ಏನೋ ಬರೆದುಕೊಂಡರು.

ಮುಂದಿನ ತಿಂಗಳು ಚಕ್ಕಡಿಯಲ್ಲಿ ನೂಲು ಬಂತು. ಓಣಿಯ ಎಲ್ಲ ಮಗ್ಗಗಳೂ ಸದ್ದು ಮಾಡಿದವು. ಜನ ನನ್ನ ಇಂಗ್ಲಿಷನ್ನು ಹೊಗಳುವಾಗ ನಾನು ಪರೀಕ್ಷಕಿಯ ಮುಖ ನೋಡಿದೆ.

“ಅವತ್ತ ಮಗ್ಗ ನಿಂತಿತ್ತು, ನೀವು ನಿಂದ್ರಲಿಲ್ಲ ನೋಡ್ರಿ,” ಎಂದಳು, ರಾಟಿ ತಿರುಗಿಸುತ್ತಲೇ. “ಪಾಸಾದ್ರಿ.”