ಅಜ್ಜಿಯ ಟಾರ್ಚು ಮತ್ತು ಉಲ್ಕೆಗಳು

ಮೂರು ವರ್ಷಗಳಿಂದ ಡಿಸೆಂಬರ್ ಎರಡನೇ ವಾರದಲ್ಲಿ ಉಲ್ಕೆಗಳನ್ನು ಎಣಿಸಿ ಬರೆದಿಡುತ್ತಿದ್ದೇನೆ. ಮೊದಲ ವರ್ಷ ಪಿರಿಯಾಪಟ್ಟಣದ ಬಾಡಿಗೆ ಕೋಣೆಯ ಟೆರೇಸಿನಿಂದ ಕಂಡಿದ್ದು ಎರಡೇ. ಬೀದಿದೀಪಗಳು ಆಕಾಶವನ್ನು ಮಂಕು ಮಾಡಿದ್ದವು. ಮರುವರ್ಷ ಊರಿನ ನಮ್ಮ ರಾಗಿ ಕಣದಲ್ಲಿ ಚಾಪೆ ಹಾಸಿ ಮಲಗಿದೆ, ಹನ್ನೊಂದು ಸಿಕ್ಕವು.

ಅವ್ವ ಮಾತ್ರ ಹುಟ್ಟಿದಾಗಿನಿಂದ ಒಂದನ್ನೂ ಕಂಡವಳಲ್ಲ. ಯಾರಾದರೂ ತೋರಿಸಿದಾಗ ತಲೆಯೆತ್ತುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. "ನನ್ ಕಣ್ಣಿಗೆ ಅದೆಲ್ಲ ಬೀಳಕ್ಕಿಲ್ಲ ಬುಡು" ಎಂದು ನಗುತ್ತಿದ್ದಳು. ಆ ನಗು ನನಗೆ ಹಿಡಿಸಲಿಲ್ಲ. ಈ ಸಲ ಅವಳಿಗೆ ತೋರಿಸಲೇಬೇಕೆಂದು ಚಂದ್ರನಿಲ್ಲದ ರಾತ್ರಿ ಆರಿಸಿದೆ. ಅಂಗಳದ ಬಲ್ಬು ಆರಿಸಿ, ಫೋನನ್ನು ಮನೆಯಲ್ಲೇ ಬಿಟ್ಟು, ಅದೇ ಕಣದಲ್ಲಿ ಚಾಪೆ ಹಾಸಿ ಮಲಗಿದೆವು. ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು, ಒಂದೇ ನಕ್ಷತ್ರವನ್ನು ದಿಟ್ಟಿಸದೆ ಇಡೀ ಆಕಾಶ ನೋಡುತ್ತಿರಬೇಕು ಎಂದು ಹೇಳಿಕೊಟ್ಟೆ. ನಮ್ಮಿಬ್ಬರನ್ನೇ ಕಣಕ್ಕೆ ಕಳಿಸಲು ಮನಸ್ಸಾಗದೆ ಅಪ್ಪನ ತಾಯಿ, ನಮ್ಮಜ್ಜಿ, ತಾನೂ ಬಂದು ಪಕ್ಕದಲ್ಲಿ ಕೂತಳು.

ಮೊದಲನೆಯದು ಜಾರಿದಾಗ ಅವ್ವ ಕಂಬಳಿ ಸರಿಪಡಿಸುತ್ತಿದ್ದಳು. ಕಂಡದ್ದು ಅಜ್ಜಿಗೆ. ತಕ್ಷಣ ಸೆರಗಿನಿಂದ ಟಾರ್ಚು ತೆಗೆದು ಬೇಲಿಯ ಮೇಲೆ ಬೆಳಕು ಬಿಟ್ಟಳು. ಚುಕ್ಕಿ ಬಿದ್ದದ್ದನ್ನು ಕಂಡವರು ಕೂಡಲೇ ಹಸಿರು ನೋಡಬೇಕು, ಇಲ್ಲದಿದ್ದರೆ ಕೇಡು ಎಂಬುದು ನಮ್ಮ ಕಡೆಯ ನಂಬಿಕೆ. ಆ ಬೆಳಕಿಗೆ ನಮ್ಮ ಕಣ್ಣುಗಳೆಲ್ಲ ಮತ್ತೆ ಕುರುಡಾದವು. ಎರಡನೆಯದಕ್ಕೂ ಹಾಗೇ ಆಯಿತು. ಬರೀ ಕಲ್ಲಿನ ಚೂರು ಉರಿಯುವುದು ಅಷ್ಟೇ ಎಂದು ವಿವರಿಸಿದೆ.

"ಕಲ್ಲಾದ್ರೇನ್ಲಾ? ಅಸ್ರು ನೋಡಿದ್ರೆ ನಿಂಗೇನ್ ನಷ್ಟ?" ಎಂದಳು ಅಜ್ಜಿ.

ನಷ್ಟ ಅವ್ವನದು ಎಂದು ಹೇಳಹೊರಟವನನ್ನು ಅವ್ವನೇ ಮೊಣಕೈಯಿಂದ ತಿವಿದು ಸುಮ್ಮನಾಗಿಸಿದಳು. ನಾನು ಎದ್ದು, ತಡಕಾಡುತ್ತ ಹಿತ್ತಲಿಗೆ ಹೋಗಿ ದೊಡ್ಡಪತ್ರೆಯ ಒಂದು ಕುಡಿ ಕಿತ್ತು ತಂದೆ. ನೋಡಲೇಬೇಕೋ, ಮೂಸಿದರೆ ಸಾಲದೋ ಎಂದು ಅಜ್ಜಿಯನ್ನು ಕೇಳಿದೆ. ಅವಳು ಎಲೆಯೊಂದನ್ನು ಹಿಸುಕಿ ಮೂಗಿಗೆ ಹಿಡಿದಳು.

"ಮೂಸಿದ್ರೂ ಅಸ್ರು ಅಸ್ರೇ ಕಣ. ಆಗ್ಲಿ ಬುಡು."

ಟಾರ್ಚು ತೊಡೆಯ ಕೆಳಗೆ ಸೇರಿತು. ಎಪ್ಪತ್ತು ದಾಟಿದವಳು ಒಂದು ಜೀವಮಾನದ ರೂಢಿಯನ್ನು ಸೊಸೆಗಾಗಿ ಅಷ್ಟು ಸುಲಭವಾಗಿ ಸಡಿಲಿಸಿದ್ದಕ್ಕೆ ನಾನು ಋಣಿ. ನಿಧಾನವಾಗಿ ಸಣ್ಣ ನಕ್ಷತ್ರಗಳೂ ಮೂಡಿದವು. ಆಗಾಗ ದೊಡ್ಡಪತ್ರೆಯ ವಾಸನೆ ಬರುತ್ತಿತ್ತು. ನಾನು ಕಾಣದ್ದನ್ನೂ ಅಜ್ಜಿ ಕಂಡಿದ್ದಾಳೆಂದು ಅದರಿಂದಲೇ ತಿಳಿದು ಲೆಕ್ಕಕ್ಕೆ ಸೇರಿಸಿದೆ.

ಆಮೇಲೆ ನೆತ್ತಿಯ ಮೇಲಿಂದ ಹೊರಟ ಒಂದು ಉಲ್ಕೆ ಹಲಸಿನ ಮರದವರೆಗೆ ಉದ್ದಕ್ಕೆ ಗೆರೆ ಎಳೆಯಿತು. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಕಂಡೆ ಕಣೋ" ಎಂದಳು ಮೆಲ್ಲಗೆ.

ಯಾವ ಬಣ್ಣವಿತ್ತು ಎಂದು ಅಭ್ಯಾಸಬಲದಿಂದ ಕೇಳಿದೆ. ಅವ್ವ ಇನ್ನೂ ಹಲಸಿನ ಮರದ ಕಡೆಗೇ ನೋಡುತ್ತಿದ್ದಳು. ಬೆಳಿಗ್ಗೆ ಬೇಗ ಹಾಲು ಕರೆಯಬೇಕಲ್ಲ, ಹೋಗೋಣವೇ ಎಂದೆ. ಇನ್ನೊಂದು ನೋಡಿಕೊಂಡೇ ಏಳುತ್ತೇನೆಂದು ಅವ್ವ ಪಕ್ಕಕ್ಕೆ ಸರಿದು, ಕೂತೇ ಇದ್ದ ಅಜ್ಜಿಗೂ ಮಲಗಲು ಜಾಗ ಮಾಡಿಕೊಟ್ಟಳು.